ಮೇಣ ಕರಗಿದ ಮೇಲೆ: ಮನೆಯ ಹಿತ್ತಲಲ್ಲಿ ಮಾಡಿದ ಲೋಹದ ಎರಕ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಪಾಠ)

  

ಈ ಸಭೆಯಲ್ಲಿ ಮಾತನಾಡಬೇಕೆಂದು ಮಹೋತ್ಸವ ಸಮಿತಿಯವರು ನನಗೆ ಆಜ್ಞೆ ಮಾಡಿದಾಗ ನಾನು ಹಿಂಜರಿದೆನು. ನಾನು ಶಾಸ್ತ್ರ ಓದಿದ ಪಂಡಿತನಲ್ಲ. ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ಕಬ್ಬಿಣ, ಹಿತ್ತಾಳೆಗಳೊಡನೆ ಆಯುಷ್ಯದ ಬಹುಭಾಗವನ್ನು ಕಳೆದು, ನಿವೃತ್ತನಾಗಿ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಓಣಿಯಲ್ಲಿ ಕುಳಿತವನು. ಆದರೆ ಸಮಿತಿಯ ಹಿರಿಯರೊಬ್ಬರು, 'ನಿಮಗೆ ಬರುವುದನ್ನೇ ಹೇಳಿರಿ, ಬಾರದ್ದನ್ನು ಹೇಳುವವರು ಬಹಳ ಜನ ಇದ್ದಾರೆ' ಎಂದರು. ಆ ಮಾತಿನಿಂದ ಧೈರ್ಯ ತಂದುಕೊಂಡು ನನಗೆ ಬರುವ ಒಂದೇ ಒಂದು ವಿಷಯವನ್ನು, ಅಂದರೆ ಮೇಣದ ಅಚ್ಚಿನಿಂದ ಲೋಹವನ್ನು ಎರಕ ಹೊಯ್ಯುವ ವಿದ್ಯೆಯನ್ನು, ತಮ್ಮ ಮುಂದೆ ನಿವೇದಿಸಲು ನಿಂತಿದ್ದೇನೆ.

ನಿನ್ನೆಯ ಮೆರವಣಿಗೆಯಲ್ಲಿ ಲೋಹದ ಬಿಂಬಗಳನ್ನು ತಾವೆಲ್ಲರೂ ಕಣ್ತುಂಬ ನೋಡಿದಿರಿ. ಆ ಶಾಂತ ಮುಖ, ಇಳಿಬಿದ್ದ ಬಾಹುಗಳು, ಎದೆಯ ಮೇಲಿನ ಶ್ರೀವತ್ಸ ಇವುಗಳನ್ನು ನೋಡುವಾಗ ಭಕ್ತನ ಮನಸ್ಸು ಗುಣಸ್ಮರಣೆಗೆ ಹೋಗುವುದು ಸಹಜ. ನನ್ನಂಥ ಕೈಗೆಲಸದವನ ಮನಸ್ಸು ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ಬೆಂಕಿಯಲ್ಲಿ ನೀರಿನಂತೆ ಹರಿದ ಲೋಹಕ್ಕೆ ಈ ರೂಪ ಎಲ್ಲಿಂದ ಬಂದಿತು? ಕಲ್ಲಿನ ಶಿಲ್ಪಿ ಬೇಡವಾದುದನ್ನು ಕೆತ್ತಿ ತೆಗೆಯುತ್ತಾನೆ. ಎರಕದವನು ಮೊದಲು ಮೃದುವಾದ ಮೇಣದಲ್ಲಿ ರೂಪವನ್ನು ಮಾಡುತ್ತಾನೆ, ಅದಕ್ಕೆ ಮಣ್ಣಿನ ಹೊದಿಕೆ ಹಾಕುತ್ತಾನೆ, ಕಾಸಿ ಮೇಣವನ್ನು ಹೊರಗೆ ಹರಿಸುತ್ತಾನೆ. ಒಳಗೆ ಉಳಿಯುವುದು ಬರಿಯ ಬಯಲು. ಆ ಬಯಲಿಗೆ ಲೋಹವನ್ನು ಹೊಯ್ದು, ಆರಿದ ಮೇಲೆ ಮಣ್ಣನ್ನು ಒಡೆದರೆ ಮೇಣದಲ್ಲಿದ್ದುದೆಲ್ಲವೂ ಲೋಹದಲ್ಲಿ ಮೂಡಿರುತ್ತದೆ. ಒಂದು ಮೇಣಕ್ಕೆ ಒಂದೇ ಅಚ್ಚು, ಒಂದು ಅಚ್ಚಿಗೆ ಒಂದೇ ಎರಕ. ತಪ್ಪಿದರೆ ಮೊದಲಿನಿಂದ ಆರಂಭ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1926ರಲ್ಲಿ ಮೋಹೆಂಜೊದಾರೊದಲ್ಲಿ ದೊರೆತ, ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ನರ್ತಕಿಯ ಪುಟ್ಟ ಮೂರ್ತಿ ಸುಮಾರು ಹತ್ತೂವರೆ ಸೆಂಟಿಮೀಟರ್ ಎತ್ತರದ್ದು. ನಾಲ್ಕು ಸಾವಿರಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಇದೇ ಮೇಣದ ವಿಧಾನದಿಂದ ಎರಕವಾದದ್ದು. ಬಿಹಾರದ ಚೌಸಾದಲ್ಲಿ ಸಿಕ್ಕಿ ಪಾಟ್ನಾ ವಸ್ತುಸಂಗ್ರಹಾಲಯ ಸೇರಿದ ಜಿನಬಿಂಬಗಳು, ಗುಜರಾತಿನ ಅಕೋಟಾದ ಕಂಚಿನ ಬಿಂಬಗಳು ಜೈನ ಪರಂಪರೆಯಲ್ಲಿ ಲೋಹಶಿಲ್ಪ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿ ನಿಂತಿವೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಊರಿನಿಂದ ಕಮಲಾಪುರ, ಹುಮನಾಬಾದಗಳನ್ನು ದಾಟಿ ಹೋದರೆ ಬಸವಕಲ್ಯಾಣ. ಅದು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಅಡುಗೆ, ಆನೆ, ಸಂಗೀತ, ರತ್ನಪರೀಕ್ಷೆಗಳಂತೆ ಮೇಣದ ಎರಕದ ವಿಧಾನವೂ ಕ್ರಮವಾಗಿ ನಿರೂಪಿತವಾಗಿದೆ. ಮೇಣದ ಮೂರ್ತಿಗೆ ದತ್ತೂರದ ಹೂವಿನಂತೆ ಬಾಯಿ ಅಗಲವಾದ ನಾಳಗಳನ್ನು ಜೋಡಿಸಬೇಕು; ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣನ್ನು ಮೂರು ಸಲ ಲೇಪಿಸಬೇಕು; ಮೊದಲನೆಯ ಲೇಪ ತೆಳ್ಳಗಿರಬೇಕು, ನೆರಳಿನಲ್ಲಿ ಒಣಗಬೇಕು; ಮೇಣವನ್ನು ಮೊದಲೇ ತೂಗಿ, ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಬಂಗಾರವಾದರೆ ಹದಿನಾರು ಪಟ್ಟು ಲೋಹವನ್ನು ತೆಗೆದುಕೊಳ್ಳಬೇಕು. ಇದು ಕುಲುಮೆಯ ಮುಂದೆ ನಿಂತವರಿಂದ ಕೇಳಿ ಬರೆದ ಮಾತು ಎಂಬುದು ಕೆಲಸ ಮಾಡಿದವನಿಗೆ ಕೂಡಲೇ ತಿಳಿಯುತ್ತದೆ.

ಇನ್ನೊಂದು ದಿಕ್ಕಿಗೆ ಸುಮಾರು 40 ಕಿ.ಮೀ. ನಡೆದರೆ ಕಾಗಿಣಾ ತೀರದ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆ ನೆಲದ ನೇಮಿನಾಥ ಬಸದಿಯಲ್ಲಿ 96 ಬಿಂಬಗಳುಳ್ಳ ಪಂಚಧಾತುವಿನ ಪುಟ್ಟ ಮಂದಿರವಿರುವುದು ತಮ್ಮಲ್ಲಿ ಅನೇಕರಿಗೆ ಗೊತ್ತು. 24 ತೀರ್ಥಂಕರರು ನಾಲ್ಕು ಸಲ ಎಂದರೆ 96. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಿಂಬಗಳನ್ನು ಲೋಹದಲ್ಲಿ ಮೂಡಿಸಬೇಕಾದರೆ ಎಷ್ಟು ಸೂಕ್ಷ್ಮವಾದ ಕೈ, ಎಷ್ಟು ತಾಳ್ಮೆ ಬೇಕಾಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ಕತೆಯನ್ನು ನಾವೆಲ್ಲ ಹೇಳುತ್ತೇವೆ. ಆಕೆ ಬಂಗಾರದ ಮತ್ತು ರತ್ನದ ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂಬುದನ್ನೂ ನೆನೆಯುತ್ತೇವೆ. ಆದರೆ ಆ ಬಿಂಬಗಳನ್ನು ಮಾಡಿದ ಕೈಗಳ ಹೆಸರು ನಮಗೆ ಉಳಿದಿಲ್ಲ.

ಇನ್ನು ನನ್ನ ಮನೆಯ ಮಾತಿಗೆ ಬರುತ್ತೇನೆ. ಹದಿನೆಂಟು ವರ್ಷಗಳ ಹಿಂದಿನ ಸಂಗತಿ. ನಮ್ಮ ಮನೆಯಲ್ಲಿ ಹಿತ್ತಾಳೆಯ ಒಂದು ತೂಗುದೀಪವಿತ್ತು. ನನ್ನ ಅವ್ವನ ತವರಿನಿಂದ ಬಂದದ್ದು, ಆಕೆಯ ಅವ್ವನಿಗೂ ಅದು ತವರಿನಿಂದಲೇ ಬಂದದ್ದು. ದೀಪದ ಮೇಲೆ ಎರಡು ಹಂಸಗಳು. ಅವುಗಳ ಬೆನ್ನಿನ ಕೊಂಡಿಗೆ ಸರಪಳಿ. ಪ್ರತಿ ವರ್ಷ ದಶಲಕ್ಷಣ ಪರ್ವದಲ್ಲಿಯೂ ಮಹಾವೀರ ಸ್ವಾಮಿಯ ನಿರ್ವಾಣ ದಿನದಂದೂ ಅದನ್ನು ಬಸದಿಗೆ ಒಯ್ದು ಹಚ್ಚುವುದು ಅವ್ವನ ನೇಮ. ಒಂದು ವರ್ಷ ಸರಪಳಿ ಜಾರಿ ದೀಪ ಕೆಳಗೆ ಬಿದ್ದಿತು. ಒಂದು ಹಂಸದ ಕತ್ತು ಮುರಿದು, ಬೆನ್ನು ಸೀಳಿ, ಕೊಂಡಿ ಚೂರಾಯಿತು.

ದುರಸ್ತಿಗೆಂದು ಪೇಟೆಯಲ್ಲಿ ಮೂರು ನಾಲ್ಕು ಅಂಗಡಿಗಳಿಗೆ ಒಯ್ದೆನು. ಎಲ್ಲೆಡೆಯೂ ಒಂದೇ ಮಾತು: 'ಇದನ್ನು ತೂಕಕ್ಕೆ ಹಾಕಿರಿ, ಮೇಲೆ ಇಷ್ಟು ಕೊಟ್ಟು ಹೊಸದನ್ನು ಒಯ್ಯಿರಿ.' ಅವರದು ವ್ಯಾಪಾರ; ಅವರನ್ನು ದೂರಲಾರೆ. ಆದರೆ ನನ್ನ ಕಣ್ಣೆದುರಿಗೇ ತಕ್ಕಡಿಯ ಪಕ್ಕದಲ್ಲಿ ಇಂಥವೇ ಹಳೆಯ ದೀಪಗಳು, ಆರತಿಗಳು, ಗಂಟೆಗಳು ರಾಶಿ ಬಿದ್ದಿದ್ದವು. ಪ್ರತಿಯೊಂದೂ ಯಾವುದೋ ಅವ್ವನ ತವರಿನಿಂದ ಬಂದದ್ದೇ ಆಗಿರಬೇಕು. ದೀಪವನ್ನು ಮರಳಿ ಮನೆಗೆ ತಂದೆನು. 'ನಾನೇ ಒಂದು ಹಂಸವನ್ನು ಎರಕ ಹೊಯ್ಯುತ್ತೇನೆ' ಎಂದು ಅವ್ವನಿಗೆ ಮಾತು ಕೊಟ್ಟೆನು. ಆಗ ಆಕೆಗೆ ಎಂಬತ್ತು ಸಮೀಪಿಸಿತ್ತು. ಮಾತು ಕೊಡುವುದು ಸುಲಭ. ಸಮಯ ಎಷ್ಟಿದೆಯೆಂಬುದು ನನ್ನ ಕೈಯಲ್ಲಿರಲಿಲ್ಲ.

ಕಾರ್ಖಾನೆಯಲ್ಲಿ ನಾನು ಕಂಡದ್ದು ಮರಳಿನ ಎರಕ. ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು ಆ ಗುಳಿಗೆ ಲೋಹ ಹೊಯ್ಯುವುದು. ನೆರೆಯ ಬೀದರಿನ ಬಿದರಿ ಪಾತ್ರೆಗಳ ಒಡಲೂ ಮರಳಿನ ಅಚ್ಚಿನಲ್ಲಿಯೇ ಆಗುವುದು. ಅದು ಸತುವಿಗೆ ಸ್ವಲ್ಪ ತಾಮ್ರ ಬೆರೆತ ಲೋಹ, ಮೇಣದ ಎರಕವಲ್ಲ. ಹಂಸದ ಬಾಗಿದ ಕತ್ತು, ರೆಕ್ಕೆಯ ಕೆಳಗಿನ ಸಂದು ಇವನ್ನು ಮರಳಿನಿಂದ ಕೆಡಿಸದೆ ಎತ್ತುವುದು ಬಹಳ ಕಷ್ಟ. ಮೇಣವಾದರೆ ಎತ್ತುವ ಪ್ರಶ್ನೆಯೇ ಇಲ್ಲ. ಅದು ತಾನೇ ಕರಗಿ ಹೊರಗೆ ಬರುತ್ತದೆ. ಆದುದರಿಂದ ಮೇಣದ ದಾರಿಯನ್ನೇ ಹಿಡಿದೆನು.

ಜೇನುಮೇಣವನ್ನು ಪೇಟೆಯಿಂದ ತಂದು, ಉಳಿದಿದ್ದ ಹಂಸವನ್ನು ಎದುರಿಗಿಟ್ಟುಕೊಂಡು ರೂಪಿಸಿದೆನು. ಲೋಹ ಆರುವಾಗ ನೂರಕ್ಕೆ ಒಂದೂವರೆ-ಎರಡರಷ್ಟು ಕುಗ್ಗುವುದರಿಂದ ಮೇಣದ ಹಂಸ ತುಸು ದೊಡ್ಡದಿರಬೇಕು. ಮಣ್ಣಿನ ಆಯ್ಕೆಯಲ್ಲಿ ಮೊದಲನೆಯ ಪಾಠ ಕಲಿತೆನು. ನಮ್ಮ ಭಾಗದ ಕಪ್ಪು ಎರೆಮಣ್ಣು ತೊಗರಿಗೆ ಉತ್ತಮ, ಎರಕಕ್ಕೆ ಸಲ್ಲದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಾಯ್ದೆರೆಯುವ ಮಣ್ಣದು. ಬೇಸಿಗೆಯ ಹೊಲದಲ್ಲಿ ಕಾಣುವ ಬಿರುಕೇ ಅಚ್ಚಿನಲ್ಲಿಯೂ ಬರುತ್ತದೆ. ಕುಂಬಾರರಿಂದ ಮಣ್ಣು ತಂದು, ಜರಡಿ ಹಿಡಿದು, ಭತ್ತದ ಹೊಟ್ಟನ್ನು ಸುಟ್ಟ ಕರಿಯನ್ನು ಬೆರೆಸಿದೆನು. ಆ ಕರಿಯಿಂದ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಲೋಹ ಒಳಗೆ ಬರುವಾಗ ಒಳಗಿನ ಗಾಳಿ ಹೊರಗೆ ಹೋಗಲು ಅದು ದಾರಿ. ಹತ್ತಿಯ ಎಳೆಗಳು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತವೆ. ಸೋಮೇಶ್ವರನ ಕಾಲದ ಪ್ರತಿಯೊಂದು ಮಾತಿಗೂ ಒಂದು ಕಾರಣವಿದೆ.

ಇಷ್ಟೆಲ್ಲ ಸರಿಯಾಗಿ ಮಾಡಿ ಒಂದೇ ಒಂದು ತಪ್ಪು ಮಾಡಿದೆನು. ಅದು ಮಳೆಗಾಲ. ಅವಸರ. ಎರಡೇ ದಿನ ಒಣಗಿಸಿ, ಹೊರಗಿನಿಂದ ಒಣಗಿದಂತೆ ಕಂಡ ಅಚ್ಚನ್ನು ಒಂದಿಷ್ಟು ಕಾಸಿ, ಕರಗಿದ ಹಿತ್ತಾಳೆಯನ್ನು ಹೊಯ್ದುಬಿಟ್ಟೆನು. ಮಣ್ಣಿನೊಳಗೆ ಹಸಿ ಉಳಿದಿತ್ತು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. 900 ಅಂಶಕ್ಕೂ ಮೀರಿ ಕಾದ ಲೋಹ ತಗುಲಿದಾಗ ಅದು ಕಣ್ಣೆವೆ ಮುಚ್ಚುವುದರೊಳಗೆ ಆಗುತ್ತದೆ. ಅಚ್ಚು ಕೊತಕೊತ ಕುದಿದು, ಹೊಯ್ದ ಲೋಹವನ್ನೇ ಉಗುಳಿತು. ಒಂದು ಹನಿ ನನ್ನ ಚಪ್ಪಲಿಯೊಳಗೆ ಬಿದ್ದಿತು. ಆ ಗುರುತು ಇಂದಿಗೂ ಪಾದದ ಮೇಲಿದೆ. ಕಣ್ಣಿಗೆ ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು. ಈ ಮಾತನ್ನು ಕೇಳಿ ಯಾರಾದರೂ ತರುಣರು ಮನೆಯಲ್ಲಿ ಇಂಥ ಕೆಲಸಕ್ಕೆ ಕೈ ಹಚ್ಚುವುದಾದರೆ ದಯವಿಟ್ಟು ನನ್ನ ಪಾದವನ್ನು ಮೊದಲು ನೋಡಿ ಹೋಗಬೇಕು.

ಕಾಲಿಗೆ ಔಷಧ ಹಚ್ಚುತ್ತ ಕುಳಿತಿದ್ದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ತಮ್ಮಾ, ಮನಿ ತುಂಬ ಜೇನಿನ ವಾಸನಿ ಬರ್ತದ. ಈ ಮ್ಯಾಣ ಎಲ್ಲಿಂದ ಬಂದದ?'

'ಜೇನಹುಟ್ಟಿಂದವ್ವಾ' ಎಂದೆನು.

'ಜೇನು ನಾವು ಬಾಯಾಗ ಹಾಕ್ಕೊಳ್ಳಂಗಿಲ್ಲ. ಹುಟ್ಟು ಹಿಂಡಿ ತಗದ ಮ್ಯಾಣ ದೇವರ ದೀಪಕ್ಕ ನಡೀತದೇನು?'

ನನಗೆ ಉತ್ತರ ತೋಚಲಿಲ್ಲ. ಈ ಅಪಘಾತವೇ ಅದರ ಫಲವೆಂದು ಹೇಳುತ್ತೀಯಾ ಎಂದು ಕೇಳಿದೆನು. ಆಕೆ ತಲೆಯಲ್ಲಾಡಿಸಿ, 'ಕಾಲು ಸುಟ್ಟದ್ದು ಮಣ್ಣು ಹಸಿ ಇದ್ದದ್ದಕ್ಕ. ನಾ ಕೇಳೋದು ಬ್ಯಾರೆ' ಎಂದಳು. ಎರಡು ಕಾರಣಗಳನ್ನು ಕಲಸದೆ ಬೇರೆ ಬೇರೆ ಇಡುವ ಆ ವಿವೇಕವನ್ನು ನಾನು ಯಾವ ಕಾರ್ಖಾನೆಯಲ್ಲಿಯೂ ಕಲಿತಿರಲಿಲ್ಲ.

ಧರ್ಮಬಂಧುಗಳೇ, ಆಕೆ ಕೇಳಿದ ಪ್ರಶ್ನೆ ಸಣ್ಣದಲ್ಲ. ಸಂಸ್ಕೃತದಲ್ಲಿ ಜೇನುಮೇಣಕ್ಕೆ 'ಮಧೂಚ್ಛಿಷ್ಟ' ಎಂದು ಹೆಸರು. ಜೇನು ತೆಗೆದು ಉಳಿದದ್ದು ಎಂದರ್ಥ. ಶಿಲ್ಪಶಾಸ್ತ್ರದಲ್ಲಿ ಈ ಎರಕಕ್ಕೂ ಅದೇ ಹೆಸರು. ಇತ್ತ ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಮೊದಲನೆಯ ಮೆಟ್ಟಲು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿಯೇ ತೊಟ್ಟಿಕ್ಕಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಗಳ ಹಿಂಸೆಯಿದೆಯೆಂದು ವಿವೇಚಿಸಿದ್ದಾರೆ. ಹಾಗಾದರೆ ವೀತರಾಗನ ಬಿಂಬವನ್ನೋ ಬಸದಿಯ ದೀಪವನ್ನೋ ಆ ಹುಟ್ಟಿನ ಮೇಣದಿಂದಲೇ ಮಾಡಬೇಕೆ? ಹಿಂದಿನವರು ಮಾಡಿದರಲ್ಲ ಎಂದರೆ, ಅಂದಿನ ಕಸುಬುದಾರರ ಕೈಗೆ ಬೇರೆ ಮೇಣ ಸಿಕ್ಕುವಂತಿರಲಿಲ್ಲ. ಅವರನ್ನು ದೂಷಿಸುವುದು ನಮಗೆ ಶೋಭಿಸದು. ಆದರೆ ಇಂದು ಖನಿಜತೈಲದಿಂದ ಬರುವ ಪ್ಯಾರಾಫಿನ್ ಮೇಣ ಕಿರಾಣಿ ಅಂಗಡಿಯ ಮೇಣಬತ್ತಿಯಲ್ಲಿಯೇ ಇದೆ. ಆಯ್ಕೆ ಇಲ್ಲದವನ ಹೊಣೆ ಬೇರೆ, ಆಯ್ಕೆ ಇದ್ದವನ ಹೊಣೆ ಬೇರೆ. ಗೃಹಸ್ಥನಿಗೆ ಆರಂಭೀ ಹಿಂಸೆ, ಉದ್ಯೋಗೀ ಹಿಂಸೆ ಪೂರ್ಣವಾಗಿ ತಪ್ಪವು. ಕುಲುಮೆ ಹೊತ್ತಿಸಿದವನು ನಿರ್ದೋಷಿಯೆಂದು ಹೇಳಿಕೊಳ್ಳಲಾರನು. ತಪ್ಪಿಸಬಹುದಾದುದನ್ನು ತಪ್ಪಿಸುವುದಷ್ಟೇ ಅವನ ಧರ್ಮ. ಅವ್ವ ಕೇಳಿದ್ದೂ ಅಷ್ಟನ್ನೇ.

ಆದುದರಿಂದ ಎರಡನೆಯ ಹಂಸವನ್ನು ಪ್ಯಾರಾಫಿನ್ ಮೇಣದಿಂದ ಮಾಡಲು ತೊಡಗಿದೆನು. ಅದು ಹೇಳಿದಷ್ಟು ಸುಲಭವಾಗಲಿಲ್ಲ. ಜೇನುಮೇಣ ಬೆರಳಿಗೆ ಒಲಿಯುತ್ತದೆ; ಪ್ಯಾರಾಫಿನ್ ಹಟಮಾರಿ, ಬಗ್ಗಿಸಿದರೆ ಮುರಿಯುತ್ತದೆ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ರಾಳ, ಕೆಲವು ಹನಿ ಕುಸುಬಿ ಎಣ್ಣೆ ಸೇರಿಸಿ ಕರಗಿಸಿದ ಮೇಲೆ ನನಗೆ ಬೇಕಾದ ಹದ ಸಿಕ್ಕಿತು. ರಾಳ ಗಟ್ಟಿತನ ಕೊಡುತ್ತದೆ, ಎಣ್ಣೆ ಮೆದುತನ ಕೊಡುತ್ತದೆ. ತಮಿಳುನಾಡಿನ ಸ್ವಾಮಿಮಲೆಯ ಸ್ಥಪತಿಗಳೂ ಮೇಣಕ್ಕೆ ರಾಳವನ್ನೂ ಎಣ್ಣೆಯನ್ನೂ ಬೆರೆಸುವುದುಂಟು. ನಮ್ಮ ಊರಿನ ಬಿಸಿಲನ್ನು ತಾವು ಬಲ್ಲಿರಿ. ಬೇಸಿಗೆಯ ಮಧ್ಯಾಹ್ನ 40 ಅಂಶ ಮೀರಿದಾಗ ಮೇಣದ ಕತ್ತು ತಾನೇ ಬಾಗುತ್ತದೆ. ಈ ಸಲ ಚಳಿಗಾಲದವರೆಗೆ ಕಾದೆನು. ನಸುಕಿನಲ್ಲಿ ಕುಳಿತು, ಬೆರಳುಗಳನ್ನು ತಣ್ಣೀರಿನಲ್ಲಿ ಅದ್ದಿ ಅದ್ದಿ ರೂಪಿಸಿದೆನು.

ಹಂಸದ ಹೊಟ್ಟೆಯ ಕೆಳಗೆ ಲೋಹ ಒಳಬರುವ ದಾರಿಯನ್ನೂ, ಕೊಕ್ಕಿನ ಮತ್ತು ಬಾಲದ ತುದಿಗಳಿಂದ ಗಾಳಿ ಹೊರಹೋಗುವ ಎರಡು ಸಣ್ಣ ದಾರಿಗಳನ್ನೂ ಮೇಣದ ಕಡ್ಡಿಗಳಿಂದಲೇ ಜೋಡಿಸಿದೆನು. ಎಲ್ಲ ಸೇರಿ 22 ಗ್ರಾಂ ತೂಗಿತು. ಪ್ಯಾರಾಫಿನ್‌ಗಿಂತ ಹಿತ್ತಾಳೆ ಸುಮಾರು ಒಂಬತ್ತೂವರೆ ಪಟ್ಟು ಭಾರ. ಎಂದರೆ ಸುಮಾರು 210 ಗ್ರಾಂ ಬೇಕು. ಮೂಸೆಯಲ್ಲಿ ಉಳಿಯುವುದು, ಬಾಯಿಯಲ್ಲಿ ತುಂಬಿ ನಿಲ್ಲಬೇಕಾದದ್ದು ಸೇರಿ 300 ಗ್ರಾಂ ತೆಗೆದುಕೊಂಡೆನು. ಮುರಿದ ಹಂಸದ ಚೂರುಗಳನ್ನೇ ಮೊದಲು ಹಾಕಿದೆನು. ಹಳೆಯ ಹಂಸ ಹೊಸ ಹಂಸದಲ್ಲಿ ಇರಲಿ ಎಂದು. ನಡುವೆ ಲೋಹ ಸಾಲದೆ ಹೋದರೆ ಆಗುವ ಫಜೀತಿ ಸಣ್ಣದಲ್ಲ. ಹದಿನಾರನೆಯ ಶತಮಾನದ ಇಟಲಿಯ ಚೆಲ್ಲಿನಿ ಎಂಬ ಶಿಲ್ಪಿ ಫ್ಲಾರೆನ್ಸ್ ನಗರದಲ್ಲಿ ಪರ್ಸಿಯಸ್ಸನ ಕಂಚಿನ ಮೂರ್ತಿಯನ್ನು ಹೊಯ್ಯುವಾಗ ಲೋಹ ಗಟ್ಟಿಯಾಗತೊಡಗಿ, ಮನೆಯ ತವರದ ತಟ್ಟೆ-ಬಟ್ಟಲುಗಳನ್ನೆಲ್ಲ ಕುಲುಮೆಗೆ ಎಸೆದು ಮೂರ್ತಿಯನ್ನು ಉಳಿಸಿಕೊಂಡನೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದರೆ ಊಟಕ್ಕೆ ತಟ್ಟೆ ಉಳಿಯುತ್ತಿರಲಿಲ್ಲ.

ಮೂರು ಲೇಪಗಳ ನಡುವೆ ದಿನಗಳ ಅಂತರವಿಟ್ಟು, ತಂತಿ ಸುತ್ತಿ, ಹನ್ನೆರಡು ದಿನ ನೆರಳಿನಲ್ಲಿ ಒಣಗಿಸಿದೆನು. ಬಳಿಕ ಬಾಯಿ ಕೆಳಗೆ ಮಾಡಿ ಮೆಲ್ಲಗೆ ಕಾಸಿದಾಗ ಮೇಣ ಕೆಳಗಿನ ನೀರಿನ ಬೋಗುಣಿಯಲ್ಲಿ ಬಿದ್ದಿತು. ಬೆಂಕಿಯ ಮೇಲೆ ನೇರವಾಗಿ ಬೀಳಗೊಟ್ಟರೆ ಮೇಣ ಭುಗ್ಗೆಂದು ಹೊತ್ತಿಕೊಳ್ಳುವುದು. ಬರಿದಾದ ಅಚ್ಚನ್ನು ನಾಲ್ಕು ತಾಸು ಕಾಸಿ ಕೆಂಪಗಾಗಿಸಿದೆನು. ಹಸಿಯೂ ಹೋಯಿತು, ಮೇಣದ ಕೊನೆಯ ಅಂಶವೂ ಸುಟ್ಟುಹೋಯಿತು.

ಕಾದ ಲೋಹದ ಹದವನ್ನು ಅದರ ಬಣ್ಣದಿಂದ ಅರಿಯಬೇಕು. ಅದಕ್ಕೆ ಮಸುಕುಬೆಳಕು ಒಳ್ಳೆಯದು. ಹಾಗೆಂದು ರಾತ್ರಿ ಕುಲುಮೆ ಹೊತ್ತಿಸಿದರೆ ಹಾರಿ ಬಂದು ಬೀಳುವ ಹುಳುಗಳಿಗೆ ಲೆಕ್ಕವಿಲ್ಲ. ಅವ್ವನಿಗೆ ಅದು ಒಪ್ಪಿಗೆಯಾಗುವುದಿಲ್ಲವೆಂದು ಕೇಳದೆಯೇ ತಿಳಿದಿತ್ತು. ಹಗಲಿನಲ್ಲಿಯೇ ತಗಡಿನ ಮರೆ ಕಟ್ಟಿ ನೆರಳು ಮಾಡಿಕೊಂಡೆನು. ಇದ್ದಿಲನ್ನು ಒಂದೊಂದಾಗಿ ಝಾಡಿಸಿ ಇರುವೆಗಳಿಲ್ಲವೆಂದು ನೋಡಿ ಹಾಕಿದೆನು. ನಮ್ಮ ಹಿತ್ತಲಿಗೆ ಶಹಾಬಾದ ಪರಸಿ ಹಾಸಿದೆ. ಕರಗಿದ ಲೋಹ ಕಲ್ಲಿನ ಮೇಲೆ ಬಿದ್ದರೆ ಕಲ್ಲೇ ಸಿಡಿಯುತ್ತದೆ. ಅದರ ಮೇಲೆ ನಾಲ್ಕು ಬೆರಳು ಒಣಮರಳನ್ನು ಹರವಿದೆನು. ಹಿತ್ತಾಳೆಯಲ್ಲಿರುವ ಸತುವು 907 ಅಂಶದಲ್ಲಿ ಕುದಿಯುವಂಥದು; ಬಿಳಿಯ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವನಿಗೆ ಕೆಲವೇ ತಾಸುಗಳಲ್ಲಿ ಚಳಿಜ್ವರ. ಗಾಳಿಯ ದಿಕ್ಕಿಗೆ ಬೆನ್ನು ಮಾಡಿ ನಿಂತು, ಮೂಸೆಗೆ ಚಿಟಿಕೆ ಬಿಳಿಗಾರ ಹಾಕಿ, ಮೇಲೆ ತೇಲಿದ ಕಿಟ್ಟವನ್ನು ಸರಿಸಿ, ಇಕ್ಕಳದಿಂದ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಧಾರೆಯಾಗಿ ಹೊಯ್ದೆನು. ಗಾಳಿಯ ಎರಡೂ ದಾರಿಗಳಲ್ಲಿ ಲೋಹ ಮೇಲೆ ಬಂದು ಇಣುಕಿತು. ಅದು ಒಳಗೆಲ್ಲ ತುಂಬಿದ ಗುರುತು. ಹೊಯ್ಯುವ ಕೆಲಸ ಹತ್ತು ಎಣಿಸುವುದರೊಳಗೆ ಮುಗಿಯಿತು. ಅದಕ್ಕೆ ಆರು ತಿಂಗಳು ಹಿಡಿದಿತ್ತು.

ಮರುದಿನ ಮಣ್ಣು ಒಡೆದೆವು. ಹಂಸ ಬಂದಿತ್ತು. ಕೊಕ್ಕಿನ ತುದಿ ಮಾತ್ರ ಪೂರ್ತಿ ತುಂಬಿರಲಿಲ್ಲ. ಗೋದಿಯ ಕಾಳಿನಷ್ಟು ಮೊಟಕು. ಅರದಿಂದ ಉಜ್ಜಿ ನುಣುಪು ಮಾಡಿದೆನು. ಬೇಕಾದರೆ ಇನ್ನೊಮ್ಮೆ ಹೊಯ್ಯುತ್ತೇನೆ ಎಂದೆನು. ಅವ್ವ ಎರಡೂ ಹಂಸಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. 'ಇರ್ಲಿ ಬಿಡು. ಯಾವುದು ನನ್ನವ್ವಂದು, ಯಾವುದು ನನ್ನ ಮಗಂದು ಅಂತ ಗೊತ್ತಾಗಬೇಕಲ್ಲ' ಎಂದಳು. ಆ ವರ್ಷದ ನಿರ್ವಾಣ ದಿನದಂದು ದೀಪ ಮತ್ತೆ ಹೊತ್ತಿತು. ಆಮೇಲೆ ಎರಡು ವರ್ಷ ಆಕೆ ಅದನ್ನು ತನ್ನ ಕೈಯಿಂದ ಹಚ್ಚಿದಳು. ಮೂರನೆಯ ವರ್ಷ ಆಕೆ ಇರಲಿಲ್ಲ.

ಕೆಲವು ಕಾಲದ ನಂತರ ಸ್ವಾಧ್ಯಾಯದಲ್ಲಿ ಒಂದು ಮಾತನ್ನು ಕೇಳಿ ನಾನು ಬೆರಗಾದೆನು. ನೇಮಿಚಂದ್ರರ ದ್ರವ್ಯಸಂಗ್ರಹಕ್ಕೆ ಬ್ರಹ್ಮದೇವರು ಬರೆದ ವೃತ್ತಿಯಲ್ಲಿ ಸಿದ್ಧಪರಮೇಷ್ಠಿಯ ಆಕಾರವನ್ನು ವಿವರಿಸುವ ಪ್ರಸಂಗ. ಸಿದ್ಧನಿಗೆ ಶರೀರವಿಲ್ಲ, ಆದರೂ ಪುರುಷಾಕಾರನೆಂದು ಹೇಳುತ್ತಾರೆ. ಇದು ಹೇಗೆ? ಮೇಣ ಕರಗಿ ಹೋದ ಮೂಸೆಯ ಒಡಲಿನಲ್ಲಿ ಉಳಿಯುವ ಆಕಾರದ ಹಾಗೆ ಎಂದು ವೃತ್ತಿಕಾರರು ಉಪಮಾನ ಕೊಡುತ್ತಾರೆ. ಮೇಣ ಹೋಯಿತು, ಆಕಾರ ಉಳಿಯಿತು. ದೇಹ ಕಳಚಿತು, ಅಂತಿಮ ದೇಹದ ಆಕಾರ ಮಾತ್ರ ಉಳಿಯಿತು. ಪಂಡಿತರು ಈ ಉಪಮಾನವನ್ನು ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಬರಿದಾದ ಅಚ್ಚಿನ ಬಾಯಿಯಲ್ಲಿ ಇಣುಕಿ, ಒಳಗೆ ಏನೂ ಇಲ್ಲದಿದ್ದರೂ ಎಲ್ಲವೂ ಇದೆಯೆಂದು ಕಂಡ ನನ್ನಂಥವನಿಗೆ ಅದು ಅಂದೇ ಅರ್ಥವಾಗಿಬಿಟ್ಟಿತು. ಆ ಉಪಮಾನ ಬಂದದ್ದು ಎರಕದವನ ಅಂಗಳದಿಂದ. ಶಾಸ್ತ್ರಕ್ಕೂ ಕಸುಬಿಗೂ ನಡುವೆ ನಾವು ಎತ್ತಿದ ಗೋಡೆ ಆಚಾರ್ಯರ ಕಾಲದಲ್ಲಿ ಇರಲಿಲ್ಲವೆಂದು ಇದರಿಂದ ತಿಳಿಯಬೇಕು.

ಕೊನೆಯದಾಗಿ ಮೂರು ವಿಜ್ಞಾಪನೆಗಳನ್ನು ಮಾಡಿ ಮುಗಿಸುತ್ತೇನೆ.

ಮೊದಲನೆಯದು: ಮನೆಯಲ್ಲಿ ಎರಕ ಹೊಯ್ಯಬಹುದು ಎಂದೆನೇ ಹೊರತು ಬಿಂಬವನ್ನು ಹೊಯ್ಯಬಹುದು ಎನ್ನಲಿಲ್ಲ. ಕೊಂಡಿ, ಚಿಲಕ, ದೀಪದ ಬಿಡಿಭಾಗ, ಗಂಟೆಯ ನಾಲಗೆ ಇಂಥವು ನಮ್ಮ ಕೈಗೆ ಎಟುಕುವಂಥವು. ಜಿನಬಿಂಬಕ್ಕೆ ತಾಳಮಾನ ಬೇಕು, ಲಕ್ಷಣಜ್ಞಾನ ಬೇಕು, ವಿಧಿ ಬೇಕು. ಅದನ್ನು ಬಲ್ಲ ಕುಶಲಿಗಳು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹಶಿಲ್ಪಕ್ಕೆ ಹೆಸರಾದದ್ದು. ಬಿಂಬ ಮಾಡಿಸುವವರು ಅಗ್ಗದ ಬೆಲೆಗೆ ಯಂತ್ರದ ಮಾಲನ್ನು ಅರಸದೆ ಅಂಥವರ ಬಾಗಿಲಿಗೆ ಹೋಗಬೇಕು. ಹೋದಾಗ ಮೇಣ ಯಾವುದೆಂದು ಕೇಳಬೇಕು. ಕೇಳುವವರಿದ್ದರೆ ಮಾಡುವವರು ಬದಲಿಸಿಕೊಳ್ಳುತ್ತಾರೆ.

ಎರಡನೆಯದು: ಹಳೆಯ ಲೋಹದ ವಸ್ತುಗಳನ್ನು ತೂಕಕ್ಕೆ ಹಾಕಬೇಡಿರಿ. ನೂರು ವರ್ಷ ಮೀರಿದ ಲೋಹಶಿಲ್ಪ 1972ರ ಕಾಯಿದೆಯ ಪ್ರಕಾರ ಪುರಾವಸ್ತು. ಮುರಿದಿದ್ದರೂ ಅದರ ಪೀಠದ ಹಿಂದೆ ಒಂದು ಸಾಲು ಬರಹವಿರಬಹುದು. ಅದು ಕರಗಿದರೆ ಒಂದು ಊರಿನ ಚರಿತ್ರೆಯೇ ಕರಗಿದಂತೆ. ಪ್ರತಿಯೊಂದು ಬಸದಿಯವರೂ ತಮ್ಮಲ್ಲಿರುವ ಬಿಂಬ, ದೀಪ, ಗಂಟೆಗಳ ಛಾಯಾಚಿತ್ರ, ಅಳತೆ, ತೂಕಗಳನ್ನು ಬರೆದಿಡಬೇಕು. ಕಳುವಾದ ವಸ್ತುವನ್ನು ಮರಳಿ ಪಡೆಯಲು ಅದಕ್ಕಿಂತ ದೊಡ್ಡ ಸಾಧನವಿಲ್ಲ.

ಮೂರನೆಯದು ತರುಣರಿಗೆ. ಇದು ಹಳೆಯ ಕಾಲದ ಕೆಲಸವೆಂದು ತಿಳಿಯಬೇಡಿರಿ. 1907ರಲ್ಲಿ ಅಮೇರಿಕದ ಟ್ಯಾಗರ್ಟ್ ಎಂಬ ದಂತವೈದ್ಯರು ಹಲ್ಲಿನ ಬಂಗಾರದ ತುಂಬುವಿಕೆಗೆ ಈ ಮೇಣದ ವಿಧಾನವನ್ನೇ ಬಳಕೆಗೆ ತಂದರು. ಇಂದು ವಿಮಾನದ ಎಂಜಿನ್ನಿನೊಳಗೆ ತಿರುಗುವ ಅಲಗುಗಳನ್ನು ಮಾಡುವುದೂ ಮೇಣ ಕರಗಿಸಿಯೇ. ಮಣ್ಣಿನ ಬದಲು ಬೇರೆ ಪದಾರ್ಥ, ತಿದಿಯ ಬದಲು ವಿದ್ಯುತ್ ಕುಲುಮೆ. ತತ್ತ್ವ ಮಾತ್ರ ಸೋಮೇಶ್ವರನು ಬರೆದದ್ದೇ. ಕಲಿಯಬೇಕೆಂಬ ಮನಸ್ಸಿದ್ದವರು ನನ್ನ ಮನೆಗೆ ಬರಬಹುದು. ಹೇಳಿಕೊಡುತ್ತೇನೆ. ಬರುವಾಗ ಮುಚ್ಚಿದ ಬೂಟು ಹಾಕಿಕೊಂಡು ಬರಬೇಕು, ಅಷ್ಟೇ.

ಆ ತೂಗುದೀಪವನ್ನು ಈ ಮಹೋತ್ಸವದ ನಿಮಿತ್ತ ನಮ್ಮ ಮನೆಯವರೆಲ್ಲ ಸೇರಿ ಈ ಬಸದಿಗೆ ಒಪ್ಪಿಸಿದ್ದೇವೆ. ನವರಂಗದಲ್ಲಿ ಎಡಗಡೆಗೆ ತೂಗುತ್ತಿದೆ. ದರ್ಶನಕ್ಕೆ ಹೋದಾಗ ತಲೆಯೆತ್ತಿ ನೋಡಿರಿ. ಎರಡು ಹಂಸಗಳಲ್ಲಿ ಒಂದರ ಕೊಕ್ಕು ಗೋದಿಯ ಕಾಳಿನಷ್ಟು ಮೊಟಕಾಗಿದೆ. ಆ ತಪ್ಪು ನನ್ನದು. ಅದರಲ್ಲಿ ಯಾವ ಜೇನಿನ ಮನೆಯೂ ಮುರಿಯದಂತೆ ನೋಡಿಕೊಂಡ ಪುಣ್ಯ ನನ್ನ ಅವ್ವನದು.